ಕಾರ್ಪೊರೇಟರೇ ಇಲ್ದಿರೋ ಊರಲ್ಲಿ ನಿಮ್ಮ ಬೀದಿ ಸಮಸ್ಯೆ ಯಾರಿಗೆ ಹೇಳ್ತೀರಾ?

ಕತ್ರಿಗುಪ್ಪೆ_ಕ್ರಾಸ್ | ಡಿಸೆಂಬರ್ 2025

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ ಆಮೇಲೆ ನಿಮ್ಮ ಏರಿಯಾದ್ದು ಹೇಳಿ.

ನಮ್ಮ ರೋಡಲ್ಲಿ ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳು ತೆಗೀತೀವಿ ಅಂತ ಬಂದು ಫುಟ್‌ಪಾತ್ ಮೇಲಿನ ಕಲ್ಲು ಚಪ್ಪಡಿ ಎಲ್ಲಾ ಎತ್ತಿದ್ರು, ಹೂಳು ತೆಗೆದು ಪಕ್ಕದಲ್ಲೇ ಗುಡ್ಡೆ ಹಾಕಿದ್ರು, ಲಾರಿ ಬಂದು ತುಂಬ್ಕೊಂಡ್ ಹೋಗುತ್ತೆ ಅಂದ್ರು, ಲಾರಿ ಬರ್ಲಿಲ್ಲ ಮಳೆ ಬಂತು, ಅದೇ ಹೂಳು ವಾಪಸ್ ಅದೇ ಚರಂಡಿಗೆ ಹೋಯ್ತು. ಚಪ್ಪಡಿ ಇವತ್ತಿಗೂ ವಾರೆಯಾಗಿ ಕೂತಿದೆ, ಈ ಕಡೆ ಕಾಲಿಟ್ರೆ ಆ ಕಡೆ ಎದ್ದೇಳುತ್ತೆ. ಬೆಳಿಗ್ಗೆ ಸ್ಕೂಲ್ ಮಕ್ಕಳೆಲ್ಲ ರೋಡಿಗಿಳಿದೇ ನಡೀತಾವೆ, ಹಿಂದೆ ವ್ಯಾನು, ಎದುರಿಗೆ ರಾಂಗ್ ಸೈಡಲ್ಲಿ ಬರೋ ಬೈಕು, ಎಲ್ಲರದ್ದೂ ಹಾರ್ನು. ಸಿಗ್ನಲ್ ಕೆಂಪಿದ್ರೂ ಹಿಂದಿಂದ ಹಾರ್ನ್ ಹೊಡೆಯೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ, ಅದು ಬೇರೆ ವಿಷ್ಯ ಬಿಡಿ.

ಆ್ಯಪಲ್ಲಿ ಫೋಟೋ ಸಮೇತ ಕಂಪ್ಲೇಂಟ್ ಹಾಕ್ದೆ. ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು, ಚಪ್ಪಡಿ ಹಾಗೇ ಇದೆ. ಇಂಜಿನಿಯರ್‌ಗೆ ಫೋನ್ ಮಾಡಿದ್ರೆ ಅವ್ರು ಟ್ರಾನ್ಸ್‌ಫರ್ ಆಗಿದಾರೆ ಅಂತಾರೆ.

ಇಲ್ಲಿ ನನ್ನ ಪ್ರಶ್ನೆ ಬರೋದು. ಬೆಂಗಳೂರಲ್ಲಿ ಪಾಲಿಕೆ ಚುನಾವಣೆ ಕೊನೇ ಸಲ ನಡೆದಿದ್ದು 2015ರ ಆಗಸ್ಟಲ್ಲಿ, ಆಗ 198 ವಾರ್ಡು. ಅವ್ರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗೀತು. ಅಲ್ಲಿಂದ ಇಲ್ಲೀವರೆಗೆ ಬರೀ ಆಡಳಿತಾಧಿಕಾರಿಗಳು. ವಾರ್ಡು 243 ಮಾಡಿದ್ರು, 225 ಮಾಡಿದ್ರು, ಈಗ ಬಿಬಿಎಂಪಿನೇ ತೆಗೆದು ಗ್ರೇಟರ್ ಬೆಂಗಳೂರು ಅಂತ ಮಾಡಿ ಕಳೆದ ಸೆಪ್ಟೆಂಬರಲ್ಲಿ ಐದು ಪಾಲಿಕೆ ಆಯ್ತು, ಒಟ್ಟು 369 ವಾರ್ಡ್ ಅಂತೆ. ಈ ಮಧ್ಯೆ ರಾಜ್ಯದಲ್ಲಿ ಬಿಜೆಪಿನೂ ಅಧಿಕಾರದಲ್ಲಿತ್ತು, ಆಮೇಲೆ ಕಾಂಗ್ರೆಸ್ಸೂ ಬಂತು. ಅವಧಿ ಮುಗಿಯೋದ್ರೊಳಗೆ ಚುನಾವಣೆ ಮುಗಿಸ್ಬೇಕು ಅಂತ ಸಂವಿಧಾನದಲ್ಲೇ ಬರೆದಿದೆ, ಆದ್ರೂ ಯಾರಿಗೂ ಅವಸರ ಇಲ್ಲ. ಎಂಎಲ್‌ಎಗಳಿಗೆ ಪಕ್ಕದಲ್ಲಿ ಇನ್ನೊಬ್ಬ ಲೀಡರ್ ಬೆಳೆಯೋದು ಬೇಕಾಗಿಲ್ಲ ಅನ್ನೋದೇ ಕಾರಣ ಅಂತ ನನ್ನ ಅಭಿಪ್ರಾಯ.

ಮೊನ್ನೆ ಡಿಸೆಂಬರ್ 7ಕ್ಕೆ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಚುನಾವಣೆ ಆಯ್ತು, ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾದ್ರು, ನಂಗಂತೂ ತುಂಬಾ ಖುಷಿ ಆಯ್ತು. ಕ್ರಿಕೆಟ್ ಸಂಸ್ಥೆಗೆ ಚುನಾವಣೆ ನಡೆಸೋಕಾಗುತ್ತೆ, ಕೋಟಿಗಟ್ಲೆ ಜನ ಇರೋ ಊರಿಗೆ ಯಾಕಾಗಲ್ಲ?

ನಿಮ್ಮ ಕಡೆ ಈ ಥರ ಸಣ್ಣ ಕೆಲ್ಸಕ್ಕೆ ಯಾರ ಹತ್ರ ಹೋಗ್ತೀರಾ? ನಿಜವಾಗ್ಲೂ ಕೆಲ್ಸ ಆಗಿರೋ ದಾರಿ ಇದ್ರೆ ಹೇಳಿ.

---

ಮಾಮೂಲಿ_ಮನುಷ್ಯ

ಗುರು, ನೀನು ಹೇಳಿದ್ದೆಲ್ಲ ಸರಿ, ಆದ್ರೆ ಕಾರ್ಪೊರೇಟರ್ ಇದ್ದಾಗ ಏನ್ ಸ್ವರ್ಗ ಇತ್ತು? ನಾವು ಮನೆ ಕಟ್ಟೋವಾಗ ಮರಳು ಇಳಿಸಿದ ದಿನಾನೇ ಅವ್ರ ಕಡೆ ಹುಡುಗ್ರು ಬಂದು ನಿಂತ್ರು, ‘ಅಣ್ಣನ್ನ ಒಂದ್ಸಲ ನೋಡ್ಕೊಂಡ್ ಬನ್ನಿ’ ಅಂತ. ನೋಡೋದು ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು. ರೋಡ್ ಕಾಂಟ್ರಾಕ್ಟು ಅವ್ರ ಭಾಮೈದಂದು, ಕಸದ ಆಟೋ ಅವ್ರ ದೋಸ್ತಂದು. ಆಫೀಸರ್ ತಪ್ಪು ಮಾಡಿದ್ರೆ ಸಸ್ಪೆಂಡ್ ಅಂತ ಒಂದು ಭಯ ಆದ್ರೂ ಇರುತ್ತೆ, ಇವ್ರಿಗೆ ಅದೂ ಇರ್ಲಿಲ್ಲ. ಈಗ 369 ಜನ ಬಂದ್ರೆ 369 ಕಡೆ ‘ನೋಡ್ಕೊಂಡ್’ ಬರ್ಬೇಕಾಗುತ್ತೆ ಅಷ್ಟೇ. ನಂಗೆ ಚುನಾವಣೆ ಬೇಡ, ಒಳ್ಳೆ ಕಮಿಷನರ್ ಸಾಕು.

---

ಜೆಪಿನಗರದ_ಅತ್ತಿಗೆ

ಕ್ರಾಸ್ ಅವರೇ, ನಿಮ್ಮ ಚಪ್ಪಡಿ ಕಥೆ ಓದಿ ನಮ್ಮನೆ ಮುಂದಿನದ್ದೇ ಬರೆದಿದಾರೇನೋ ಅನ್ನಿಸ್ತು.

ನಮ್ಮ ಮಾವನೋರಿಗೆ ಮಂಡಿ ಆಪರೇಷನ್ ಆಗಿದೆ, ವಾಕರ್ ಇಟ್ಕೊಂಡು ನಡೀತಾರೆ. ಆಗಸ್ಟಲ್ಲಿ ಮೆಟ್ರೋ ಯೆಲ್ಲೋ ಲೈನ್ ಶುರು ಆದಾಗ ಅವ್ರಿಗಿಂತ ಜಾಸ್ತಿ ನಾನೇ ಸಂತೋಷ ಪಟ್ಟೆ, ಆರ್.ವಿ. ರೋಡಿಂದ ಬೊಮ್ಮಸಂದ್ರದವರೆಗೂ ಹೋಗ್ಬಹುದು, ಎಲೆಕ್ಟ್ರಾನಿಕ್ ಸಿಟೀಲಿರೋ ಮಗಳ ಮನೆಗೆ ಅವ್ರೇ ಹೋಗಿ ಬರ್ಬಹುದು ಅಂತ. ಸ್ಟೇಷನ್ ಒಳಗೆ ಲಿಫ್ಟ್ ಇದೆ, ಕೂರೋಕೆ ಜಾಗ ಬಿಟ್ಟು ಕೊಡ್ತಾರೆ, ಎಲ್ಲಾ ಚೆನ್ನಾಗಿದೆ. ಹೊರಗೆ ಬಂದ್ರೆ ಮುಗೀತು. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದ್ರ ಪಕ್ಕ ಎಳನೀರು ಗಾಡಿ, ಅದ್ರ ಪಕ್ಕ ಸಾಲಾಗಿ ಸ್ಕೂಟರು, ವಾಕರ್ ನುಗ್ಗೋ ಅಷ್ಟು ಸಂದಿ ಎಲ್ಲೂ ಇಲ್ಲ. ಎಳನೀರಿನವ್ರ ಮೇಲೆ ನಂಗೆ ಕೋಪ ಇಲ್ಲ, ಪಾಪ ಅವ್ರ ಹೊಟ್ಟೆಪಾಡು, ಆದ್ರೆ ಸ್ಕೂಟರ್ ನಿಲ್ಸೋರಿಗೆ ಹೇಳಿದ್ರೆ ‘ಐದು ನಿಮಿಷ ಆಂಟಿ’ ಅಂತಾರಲ್ಲ, ಅದು ತಡ್ಯೋಕಾಗಲ್ಲ. ಟಿಕೆಟ್ ಫೆಬ್ರವರೀಲಿ ಏರಿಸಿದ್ರು, 60 ಇದ್ದ ಗರಿಷ್ಠ ದರ 90 ಆಯ್ತು. ಅಷ್ಟು ಕೊಟ್ಟು ಹೋಗೋ ಜನ ಸ್ಟೇಷನ್‌ನಿಂದ ಮನೆಗೆ ನಡ್ಕೊಂಡು ಹೋಗೋಕಾದ್ರೂ ಆಗ್ಬೇಕಲ್ವಾ?

ಕೆಲ್ಸ ಆಗೋ ದಾರಿ ಕೇಳಿದ್ರಿ. ಕರೆಂಟಿಗೆ 1912, ನೀರು ಮತ್ತೆ ಒಳಚರಂಡಿಗೆ 1916, ಪಾಲಿಕೆಗೆ 1533. ನೆನಪಿಟ್ಕೊಳ್ಳಿ, ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ, ತಪ್ಪು ನಂಬರ್‌ಗೆ ಹೇಳಿದ್ರೆ ನಮ್ದಲ್ಲ ಅಂತ ಇಟ್ಬಿಡ್ತಾರೆ. ಕಂಪ್ಲೇಂಟ್ ನಂಬರ್ ಬರ್ಕೊಂಡು, ಒಬ್ರೇ ಹಾಕೋ ಬದ್ಲು ಬೀದಿಯವ್ರೆಲ್ಲ ಅದೇ ಜಾಗಕ್ಕೆ ಹಾಕಿ. ನಮ್ಮಲ್ಲಿ ಬೀದಿ ದೀಪ ಹಾಗೇ ಆಗಿದ್ದು. ಫುಟ್‌ಪಾತ್ ಮಾತ್ರ ಇನ್ನೂ ಆಗಿಲ್ಲ.

---

ಉಣಕಲ್_ಕೆರಿ

ನಮಸ್ಕಾರ್ರಿ, ನಾ ಹುಬ್ಬಳ್ಳಿಯಾಂವ. ನಮ್ಮಲ್ಲಿ 2021ರಾಗ ಪಾಲಿಕೆ ಚುನಾವಣಿ ಆಗೇತಿ, 82 ವಾರ್ಡ್ ಅದಾವ. ನಮ್ಮ ವಾರ್ಡಿನ ಮೆಂಬರ್ ದೊಡ್ಡ ಶಾಣ್ಯಾ ಏನ್ ಅಲ್ಲ, ಆದ್ರ ಮುಂಜಾನೆ ಚಾದಂಗಡ್ಯಾಗ ಸಿಗ್ತಾನ. ‘ಏನೋಪಾ, ನಳ ಬಂದು ಎಷ್ಟ್ ದಿನಾ ಆತು’ ಅಂತ ನಾಕ್ ಮಂದಿ ಮುಂದ ಕೇಳಿದ್ರ ಅಂವ ಅಲ್ಲೇ ಫೋನ್ ಹಚ್ಚಬೇಕಾಗ್ತದ, ಹಚ್ಚದಿದ್ರ ಆ ನಾಕ್ ಮಂದಿನ ಮುಂದಿನ ಸಲ ಓಟ್ ಹಾಕೂದಿಲ್ಲ. ಆಫೀಸರ್‌ಗೆ ಹಂಗ ಕೇಳಾಕ್ ಬರ್ತದೇನ್ರಿ?

ಮಾಮೂಲಿ ಅಣ್ಣಾರು ಹೇಳಿದ್ದು ಸುಳ್ಳಲ್ಲ, ರೊಕ್ಕಾ ತಿನ್ನೂದು ಎಲ್ಲಾ ಕಡೆ ಐತಿ. ಖರೇ ಹೇಳ್ಬೇಕಂದ್ರ ಕಾರ್ಪೊರೇಟರ್ ಇಲ್ಲದ ಐದ್ ವರ್ಷದಾಗ ನಿಮ್ಮಲ್ಲಿ ರೊಕ್ಕಾ ತಿನ್ನೂದು ನಿಂತೈತೇನ್ರಿ?

ಮತ್ತ ಇದು ಬೆಂಗ್ಳೂರಿಂದಷ್ಟ ಅಲ್ಲ. ನಮ್ಮ ಅಣ್ಣಾ ಹಳ್ಳ್ಯಾಗ ಇರ್ತಾನ. ಜಿಲ್ಲಾ ಪಂಚಾಯ್ತಿ, ತಾಲೂಕ ಪಂಚಾಯ್ತಿ ಚುನಾವಣಿ ಇಡೀ ರಾಜ್ಯದಾಗ ಆಗಿದ್ದು 2016ರಾಗ, 2021ಕ್ಕ ಅವಧಿ ಮುಗೀತು, ಅವತ್ತಿಂದ ಖುರ್ಚಿ ಖಾಲಿ. ಗ್ರಾಮ ಪಂಚಾಯ್ತಿ ಅಷ್ಟ ಐತಿ, ಅದೂ 2020ರ ಡಿಸೆಂಬರ್‌ನ್ಯಾಗ ಆರಿಸಿದ್ದು, ಅದ್ರದೂ ಅವಧಿ ಮುಗಿಯಾಕ್ ಬಂತು. ಹಳ್ಳಿ ಮಂದಿ ಇದ್ರ ಬಗ್ಗೆ ಮಾತಾಡಿದ್ರ ಟಿವ್ಯಾಗ ಬರೂದಿಲ್ಲ, ಅದಕ್ಕ ಯಾರಿಗೂ ಗೊತ್ತಿಲ್ಲ.

---

ಮೂರನೇ_ಸ್ಲಿಪ್

ಕ್ರಿಕೆಟ್ ವಿಷ್ಯ ಬಂತಲ್ಲ ಅಂತ ನಾನು ಬರೀತಿದೀನಿ. ಜೂನ್ 3ಕ್ಕೆ ಆರ್‌ಸಿಬಿ ಹದಿನೆಂಟು ವರ್ಷ ಆದ್ಮೇಲೆ ಕಪ್ ಗೆದ್ದಾಗ ನಮ್ಮ ಬೀದಿ ಪೂರ್ತಿ ರಾತ್ರಿ ಎದ್ದಿತ್ತು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟ್ ಹತ್ರ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತೋದ್ರು, ಅವ್ರಲ್ಲಿ ಎಷ್ಟೋ ಜನ ಇನ್ನೂ ಚಿಕ್ಕೋರು. ಅದಾದ್ಮೇಲೆ ನಾನು ಆ ಕಪ್ಪಿನ ಫೋಟೋ ನೋಡಿ ಖುಷಿ ಪಡೋಕೆ ಆಗಿಲ್ಲ, ಇವತ್ತಿಗೂ ಆಗ್ತಿಲ್ಲ.

ಅದ್ರಿಂದಾನೇ ಮಹಿಳಾ ವಿಶ್ವಕಪ್ ಮ್ಯಾಚುಗಳು ಬೆಂಗಳೂರಿಂದ ನವಿ ಮುಂಬೈಗೆ ಹೋದ್ವು. ನವೆಂಬರ್ 2ಕ್ಕೆ ಹರ್ಮನ್‌ಪ್ರೀತ್ ಟೀಮು ದಕ್ಷಿಣ ಆಫ್ರಿಕಾನ ಸೋಲಿಸಿ ಕಪ್ ಎತ್ತಿದ್ದು ನಮ್ಮೂರಲ್ಲಿ ಆಗ್ಬಹುದಿತ್ತು. ನನ್ನ ತಂಗಿ ಮಗಳು ಲೆಗ್ ಸ್ಪಿನ್ ಹಾಕ್ತಾಳೆ, ಅವಳನ್ನ ಕರ್ಕೊಂಡ್ ಹೋಗ್ಬೇಕು ಅಂತ ತುಂಬಾ ಆಸೆ ಇತ್ತು.

ಅವಳು ಎಲ್ಲಿ ಆಡ್ತಾಳೆ ಗೊತ್ತಾ? ಮನೆ ಟೆರೇಸಲ್ಲಿ. ಪಾರ್ಕಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’ ಅಂತ ಬೋರ್ಡ್ ಇದೆ, ಇದ್ದ ಒಂದು ಮೈದಾನಕ್ಕೆ ಬೇಲಿ ಹಾಕಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿದಾರೆ. ಎರಡು ವರ್ಷ ಸಾಲಾಗಿ ರಣಜಿ ಗೆದ್ದ ರಾಜ್ಯ ನಮ್ದು, 2014-15 ಆದ್ಮೇಲೆ ಮತ್ತೆ ಆ ಕಪ್ ಬಂದಿಲ್ಲ. ಬೀದಿ ಹುಡುಗ್ರಿಗೆ ಮೈದಾನ ಇಲ್ದೆ ಮುಂದಿನ ದ್ರಾವಿಡ್, ಮುಂದಿನ ಕುಂಬ್ಳೆ ಎಲ್ಲಿಂದ ಬರ್ತಾರೆ ಹೇಳಿ? ಪ್ರಸಾದ್ ಸರ್ ಸ್ಟೇಡಿಯಂ ಸರಿ ಮಾಡ್ಬಹುದು, ನಮ್ಮ ವಾರ್ಡಿನ ಬೇಲಿ ತೆಗೆಸೋಕೆ ಕಾರ್ಪೊರೇಟರೇ ಬೇಕು. ಅದಕ್ಕೆ ನಾನು ಕ್ರಾಸ್ ಕಡೆ.

---

ಕತ್ರಿಗುಪ್ಪೆ_ಕ್ರಾಸ್

ಎಲ್ರಿಗೂ ಥ್ಯಾಂಕ್ಸ್. ಅತ್ತಿಗೆ, ನೀವು ಹೇಳಿದ ಹಾಗೆ ಈ ಭಾನುವಾರ ನಮ್ಮ ರೋಡಿನ ಮನೆಮನೆಗೂ ಹೋಗಿ ಎಲ್ಲರ ಫೋನಿಂದಾನೂ ಅದೇ ಚಪ್ಪಡಿಗೆ ಕಂಪ್ಲೇಂಟ್ ಹಾಕಿಸ್ತೀನಿ. ಮಾವನೋರು ಬೇಗ ಹುಷಾರಾಗ್ಲಿ.

ಮಾಮೂಲಿ ಬ್ರೋ, ನಿಮ್ಮ ಮನೆ ಕಟ್ಟೋವಾಗ ಆಗಿದ್ದು ಅನ್ಯಾಯ, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಆ ಮನುಷ್ಯನ ಹೆಸ್ರು ನಿಮಗೆ ಗೊತ್ತಿತ್ತು, ಮುಖ ಗೊತ್ತಿತ್ತು, ಐದು ವರ್ಷಕ್ಕೊಂದ್ಸಲ ಕೈಮುಗಿದು ನಿಮ್ಮ ಬಾಗಿಲಿಗೆ ಬರ್ಬೇಕಿತ್ತು. ನಮ್ಮ ಚಪ್ಪಡಿ ಎತ್ತಿಸಿದ್ದು ಯಾರು, ಬಿಲ್ ಪಾಸ್ ಮಾಡಿದ್ದು ಯಾರು, ಒಬ್ರ ಹೆಸ್ರೂ ನಂಗೆ ಗೊತ್ತಿಲ್ಲ. ಒಳ್ಳೆ ಕಮಿಷನರ್ ಬರ್ತಾರೆ ಅಂದ್ಕೊಳ್ಳಿ, ನಾಳೆ ಎತ್ತಂಗಡಿ ಮಾಡಿದ್ರೆ ನೀವು ನಾನು ಏನ್ ಮಾಡೋಕಾಗುತ್ತೆ?

ಸ್ಲಿಪ್, ಮೈದಾನ ಬಾಡಿಗೆಗೆ ಬಿಟ್ಟಿದ್ದು ಯಾವ ಆದೇಶದಲ್ಲಿ ಅಂತ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ ಅಷ್ಟೇ, ಮೂವತ್ತು ದಿನದಲ್ಲಿ ಉತ್ತರ ಕೊಡ್ಲೇಬೇಕು. ಡ್ರಾಫ್ಟ್ ಬೇಕಿದ್ರೆ ನಾನು ಬರ್ಕೊಡ್ತೀನಿ.

ಉಣಕಲ್ ಸರ್, ಪಂಚಾಯ್ತಿ ವಿಷ್ಯ ಹೇಳಿದ್ದು ತುಂಬಾ ಒಳ್ಳೇದಾಯ್ತು, ಇಲ್ಲಿ ಯಾರೂ ಮಾತಾಡಲ್ಲ. ಒಂದು ಕೇಳ್ಬೇಕಿತ್ತು, ನಿಮ್ಮಲ್ಲಿ ಪಾಲಿಕೆ ಸಾಮಾನ್ಯ ಸಭೆ ನಡೆಯೋವಾಗ ಜನ ಹೋಗಿ ಕೂತು ನೋಡ್ಬಹುದಾ? ವಾರ್ಡ್ ಸಮಿತಿ ಮೀಟಿಂಗ್ ಸರಿಯಾಗಿ ಕರೀತಾರಾ? ನಮ್ಮಲ್ಲಿ ಚುನಾವಣೆ ಆದ ದಿನ ಮೊದಲನೇದಾಗಿ ಅದನ್ನೇ ಕೇಳ್ಬೇಕು ಅಂತಿದೀನಿ.