ಹೊಸ ವರ್ಷಕ್ಕೆ ಐದು ಗುರಿ, ದಿನಾ ಬೆಂಗಳೂರಿಗೆ ಓಡಾಟ: ಯಾವುದು ಇಟ್ಕೊಳ್ಳೋದು, ಯಾವುದು ಬಿಡೋದು?

ತುಮಕೂರು_ಪ್ಯಾಸೆಂಜರ್ (ಪ್ರಶ್ನೆ)

ಜನವರಿ 1ಕ್ಕೆ ಐದು ಬರೆದಿಟ್ಟಿದ್ದೇನೆ: 8 ಕೆಜಿ ತೂಕ ಇಳಿಸೋದು, 60,000 ರೂಪಾಯಿ ಉಳಿಸೋದು, ಎಫ್‌ಡಿಎ (ಸರ್ಕಾರಿ ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ದಿನಾ ಎರಡು ಗಂಟೆ ಓದು, ತಿಂಗಳಿಗೆ ಎರಡು ಕಥೆ ಪುಸ್ತಕ, ಕಾಫಿಗೆ ಸಕ್ಕರೆ ಬಿಡೋದು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ. ಮಂತ್ಲಿ ಪಾಸ್, ತುಮಕೂರಿಂದ ಬೆಂಗಳೂರಿಗೆ ರೈಲಲ್ಲೇ ಓಡಾಟ. ಸಂಬಳ 1ನೇ ತಾರೀಕು. ಸಂಕ್ರಾಂತಿ ದಾಟಿದ ಮೇಲೂ ನಿಲ್ಲೋ ಹಾಗೆ ಹೇಗೆ ಹೊಂದಿಸೋದು?

ಅಮಾನಿಕೆರೆ_ಏರಿ

ಐದೂ ಒಟ್ಟಿಗೆ ಬೇಡ. ರಾತ್ರಿ ಎಂಟಕ್ಕೆ ಬಂದು ಊಟ, ಮನೆಗೆಲಸ ಮುಗಿಸಿದರೆ ಮುಕ್ಕಾಲು ಗಂಟೆ ಉಳಿದರೆ ಹೆಚ್ಚು. ಅದರೊಳಗೆ ಎರಡು ಗಂಟೆ ಓದು ಹಿಡಿಸೋದಿಲ್ಲ. ಮನಸ್ಸು ಎಷ್ಟೇ ಗಟ್ಟಿ ಮಾಡಿದರೂ ಇಲ್ಲದ ಗಂಟೆ ಎಲ್ಲಿಂದ ತರ್ತೀರಿ?

ನಿಮ್ಮ ದಿನದಲ್ಲಿ ತಪ್ಪದೇ ಇರೋದು ರೈಲು. ಓದನ್ನ ಅದರ ಸ್ಟೇಷನ್‌ಗಳಿಗೇ ಗಂಟು ಹಾಕಿ. "ದಿನಾ ಓದ್ತೀನಿ" ಅಂತ ಬರೆದಿದ್ದನ್ನ ಹೊಡೆದುಹಾಕಿ, "ಕ್ಯಾತ್ಸಂದ್ರ ದಾಟೋದ್ರೊಳಗೆ ಪುಸ್ತಕ ತೆರೆದಿರುತ್ತೆ, ಚಿಕ್ಕಬಾಣಾವರದಲ್ಲಿ ಮುಚ್ಚುತ್ತೇನೆ" ಅಂತ ಬರೀರಿ. ಸೀಟು ಸಿಗದ ದಿನಕ್ಕೂ ಈಗಲೇ ಒಂದು ಸಾಲು ಬೇಕು: "ನಿಂತೇ ಹೋಗೋದಾದರೆ ಮೊಬೈಲಲ್ಲಿ ಹಳೇ ಪ್ರಶ್ನೆಪತ್ರಿಕೆಯ 20 ಪ್ರಶ್ನೆ." "ಹೀಗಾದರೆ ಹೀಗೆ ಮಾಡ್ತೀನಿ" ಅಂತ ಮೊದಲೇ ಗೊತ್ತುಮಾಡಿಟ್ಟಿದ್ದು, ಬರೀ "ಮಾಡ್ತೀನಿ" ಅಂದಿದ್ದಕ್ಕಿಂತ ಹೆಚ್ಚು ನಡೆಯುತ್ತೆ, ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಬರೆದದ್ದೂ ಇದನ್ನೇ. ಬೆಳಗಿನ ಒಂದು ಗಂಟೆ ಕೈಗೆ ಸಿಕ್ಕರೂ 22 ಕೆಲಸದ ದಿನಕ್ಕೆ 22 ಗಂಟೆ. ಸಂಜೆ ರೈಲಿನ ನೂಕುನುಗ್ಗಲನ್ನ ಲೆಕ್ಕಕ್ಕೆ ಹಿಡೀಬೇಡಿ.

ಸಕ್ಕರೆ, ತೂಕ ಎರಡೂ ಒಂದೇ ಗುರಿ. ದಿನಕ್ಕೆ ಮೂರು ಕಾಫಿ, ಲೋಟಕ್ಕೆ ಎರಡು ಟೀ ಚಮಚ ಅಂದರೆ ಸುಮಾರು 25 ಗ್ರಾಂ ಸಕ್ಕರೆ, 100 ಕ್ಯಾಲೊರಿ. ಒಂದೇ ಸಲಕ್ಕೆ ನಿಲ್ಲಿಸಿದರೆ ನಾಲ್ಕನೇ ದಿನಕ್ಕೆ ಕಾಲು ಬೇಕರಿ ಕಡೆ ಎಳೆಯುತ್ತೆ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿ, ಫೆಬ್ರವರಿ ಮುಗಿಯೋದ್ರೊಳಗೆ ಸೊನ್ನೆ. ರಾತ್ರಿ ಮುದ್ದೆ ಪೂರ್ತಿ ಬಿಡಬೇಡಿ. ಬಿಟ್ಟವರು ಹತ್ತು ಗಂಟೆಗೆ ಮಿಕ್ಸ್ಚರ್ ಡಬ್ಬಕ್ಕೆ ಕೈ ಹಾಕ್ತಾರೆ. ಮುದ್ದೆ ಅರ್ಧ ಮಾಡಿ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಎರಡರಷ್ಟು ಹಾಕ್ಕೊಳ್ಳಿ. 8 ಕೆಜಿ ಅಂದರೆ ತಿಂಗಳಿಗೆ 700 ಗ್ರಾಂ ಅಷ್ಟೇ. ತೂಕ ನೋಡೋದು ಭಾನುವಾರ ಬೆಳಿಗ್ಗೆ, ಕಾಫಿಗೆ ಮುಂಚೆ, ಅದೇ ಮಿಷಿನ್ನಲ್ಲಿ. ದಿನಾ ನೋಡಿದರೆ ಉಪ್ಪು, ನೀರಿನ ಏರಿಳಿತವೇ ಒಂದು ಕೆಜಿ ತೋರಿಸಿ ಕೈಚೆಲ್ಲಿಸುತ್ತೆ.

ಕಥೆ ಪುಸ್ತಕ ಪರೀಕ್ಷೆ ಆದಮೇಲೆ.

ಕೋಲಾರ_ಲೆಕ್ಕ

ದುಡ್ಡಿನ ವಿಷಯ. 60,000 ಭಾಗಿಸು 12, ತಿಂಗಳಿಗೆ 5,000 ಅಂತ ಹಾಕಿದರೆ ಜೂನ್‌ನಲ್ಲೇ ಮುರಿಯುತ್ತೆ: ಸ್ಕೂಲ್ ಫೀಸು. ಅದು ದಾಟಿದರೆ ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ ಸಾಲಾಗಿ ನಿಂತಿರುತ್ತೆ. 3,000 ಮಾತ್ರ ಖಾಯಂ ಕಂತು ಮಾಡಿ, ವರ್ಷಕ್ಕೆ 36,000. ಉಳಿದ 24,000ವನ್ನ ಖರ್ಚು ಕಮ್ಮಿ ಇರೋ ಆರು ತಿಂಗಳಲ್ಲಿ ತಲಾ 4,000 ಹಾಕಿ. ಜನವರಿ, ಫೆಬ್ರವರಿ ಕಂತು ಮಾತ್ರ ಮುಂದೂಡಬೇಡಿ.

ಬ್ಯಾಂಕಲ್ಲಿ 12 ತಿಂಗಳ ಆರ್‌ಡಿ (ತಿಂಗಳ ಕಂತಿನ ಠೇವಣಿ) ಮಾಡಿಸಿ. ಅಂಚೆ ಕಚೇರಿ ಆರ್‌ಡಿ ಒಳ್ಳೇದೇ, ಆದರೆ ಅದು 5 ವರ್ಷದ್ದು. ಅವಧಿಗೆ ಮುಂಚೆ ಮುರಿಯೋಕೂ 3 ವರ್ಷ ಆಗಿರಬೇಕು. ಈ ಡಿಸೆಂಬರ್‌ಗೆ ಕೈಗೆ ಬರಲ್ಲ. ಕಂತು ಕಟ್ ಆಗೋ ದಿನ 3ನೇ ತಾರೀಕು ಇರಲಿ. 1ಕ್ಕೇ ಇಟ್ಟರೆ ರಜೆ ಬಂದು ಸಂಬಳ ತಡವಾದ ತಿಂಗಳು ಕಂತು ತಪ್ಪುತ್ತೆ, 10ಕ್ಕೆ ಇಟ್ಟರೆ ದುಡ್ಡೇ ಇರಲ್ಲ.

ಚಿಂತಾಮಣಿ_ತೋಟ

ಸಂಬಳ ಇಲ್ಲದವರಿಗೆ? ಹಾಲಿನ ಬಟವಾಡೆ ಹದಿನೈದು ದಿನಕ್ಕೊಮ್ಮೆ, ಟೊಮೆಟೊ ದುಡ್ಡು ಯಾವಾಗ ಎಷ್ಟು ಅಂತ ಹೇಳೋಕಾಗಲ್ಲ.

ಕೋಲಾರ_ಲೆಕ್ಕ

ನಿಮಗೆ ಮೊತ್ತದ ಗುರಿ ಬೇಡಣ್ಣ, ಪಾಲಿನ ಗುರಿ ಇಟ್ಕೊಳ್ಳಿ. ಬಟವಾಡೆಯಲ್ಲಿ ಹತ್ತಕ್ಕೆ ಒಂದು ಪಾಲು, ಅದು ಬಂದ ದಿನವೇ ಬೇರೆ ಖಾತೆಗೆ. ಟೊಮೆಟೊಗೆ ರೇಟು ಸಿಕ್ಕಿದರೆ ಮೊದಲು ಮುಂದಿನ ಬೆಳೆಯ ಸಸಿ, ಗೊಬ್ಬರ, ಔಷಧಿ, ಕೂಲಿ ಎತ್ತಿಟ್ಟು, ಮಿಕ್ಕಿದ್ದರಲ್ಲಿ ಮೂರಕ್ಕೆ ಒಂದು ಪಾಲು. ರೇಟು ಬಿದ್ದಾಗ ಸೊನ್ನೆ, ಅದನ್ನ ತಪ್ಪಿದ ಕಂತು ಅಂತ ಎಣಿಸಬೇಡಿ. ಚೀಟಿ ಹಾಕೋದಾದರೆ ನೋಂದಣಿ ಆಗಿರೋದಕ್ಕೆ ಮಾತ್ರ.

ಅಮಾನಿಕೆರೆ_ಏರಿ

ತಪ್ಪಿದ ದಿನದ ಬಗ್ಗೆ ಹೇಳೋದು ಬಿಟ್ಟಿತ್ತು. ಅಡುಗೆಮನೆ ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ಹಾಲಿನ ಲೆಕ್ಕ ಬರೀತೀರಲ್ಲ, ಅದೇ ಚೌಕದ ಮೂಲೇಲಿ ಓದಿದ ದಿನ ಒಂದು ಗೀಟು ಎಳೀರಿ. ಪೆನ್ನು ದಾರಕ್ಕೆ ಕಟ್ಟಿ ಅದೇ ಮೊಳೆಗೆ ನೇತು ಹಾಕಿ. ಹುಡುಕೋ ಹಾಗಿದ್ದರೆ ಬರೆಯೋದು ವಾರದಲ್ಲೇ ನಿಲ್ಲುತ್ತೆ. 2010ರಲ್ಲಿ ಪ್ರಕಟವಾದ ಲಂಡನ್ ಯೂನಿವರ್ಸಿಟಿ ಕಾಲೇಜಿನ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗೇ ನಡೆಯೋ ಹಾಗೆ ಆಗೋಕೆ ಸರಾಸರಿ 66 ದಿನ ಹಿಡಿದಿತ್ತು, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳೋ ಅಷ್ಟು ಹಾನಿ ಆಗಿರಲಿಲ್ಲ. ಒಂದು ಚೌಕ ಖಾಲಿ ಬಿದ್ದರೆ ಬಿಡಿ, ಅದರ ಪಕ್ಕದ್ದು ಖಾಲಿ ಬೀಳದ ಹಾಗೆ ನೋಡಿ. ಮಾರನೇ ದಿನ ಎರಡು ಪಟ್ಟು ಓದಿ ಸರಿದೂಗಿಸೋಕೆ ಹೋಗಬೇಡಿ. ಯುಗಾದಿ ಹೊತ್ತಿಗೆ ಮುಕ್ಕಾಲು ಪಾಲು ಚೌಕದಲ್ಲಿ ಗೀಟು ಇದ್ದರೆ ವಾಕಿಂಗ್ ಸೇರಿಸಿ. ಇಲ್ಲದಿದ್ದರೆ ಒಂದು ಗಂಟೆಯನ್ನ ಅರ್ಧಕ್ಕೆ ಇಳಿಸಿ, ದಾರಿ ನಡುವಿನ ಡಾಬಸ್‌ಪೇಟೆ ಸ್ಟೇಷನ್‌ಗೇ ಪುಸ್ತಕ ಮುಚ್ಚಿ.