ಅಪ್‌ಡೇಟ್: ಹರಾಜಿನಲ್ಲಿ ಕೊಂಡ 1939ರ ರೂಪಾಯಿ ನಕಲಿ, ಹಣ ವಾಪಸ್ ಬಂತು

ಆನ್‌ಲೈನ್ ಹರಾಜಿನಲ್ಲಿ ಗೆದ್ದ, ಬ್ರಿಟಿಷ್ ದೊರೆ ಆರನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯ ಮೇಲೆ ಅನುಮಾನ ಬಂದು, ಮಾರಾಟಗಾರ ಕೈತೊಳೆದುಕೊಂಡಾಗ ಇಲ್ಲಿ ಸಲಹೆ ಕೇಳಿದ್ದೆ. ಕೊನೆಗೂ ಪೂರ್ತಿ ಹಣ ಕೈಸೇರಿದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಅಯಸ್ಕಾಂತದ ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ಬೆಳ್ಳಿ ಅಂಟುವುದಿಲ್ಲ ನಿಜ, ಆದರೆ ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ, ತಾಮ್ರ-ನಿಕಲ್-ಸತುವಿನ ಮಿಶ್ರಲೋಹ) ಕೂಡ ಅಂಟುವುದಿಲ್ಲ! ತೂಕವೂ ಸರಿಯಾಗಿಯೇ ಇತ್ತು, 11.6 ಗ್ರಾಂ. ನನಗೆ ಆಶ್ಚರ್ಯವಾದದ್ದು ಇದೇ. ಗುಟ್ಟು ಬಯಲು ಮಾಡಿದ್ದು ನೀರಿನ ಪರೀಕ್ಷೆ. ಅಕ್ಕಸಾಲಿಗರ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟೆವು. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಅಸಲಿ ರೂಪಾಯಿಯಾಗಿದ್ದರೆ ಸುಮಾರು 1.13 ಗ್ರಾಂ ತೋರಿಸಬೇಕಿತ್ತು, ತೋರಿಸಿದ್ದು 1.35. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 8.6, ಅಸಲಿಯದಾದರೆ ಸುಮಾರು 10.3 ಇರಬೇಕಿತ್ತು; ಬೆಳ್ಳಿಯಂತೂ ಅಲ್ಲ. ಇದನ್ನೆಲ್ಲ ವಿಡಿಯೊ ಮಾಡಿಕೊಂಡೆ.

ಮಾರಾಟಗಾರನಿಗೆ ಸಂದೇಶ ಕಳುಹಿಸಿದ್ದು ವ್ಯರ್ಥ. ಕೆಲಸ ಮಾಡಿದ್ದು 2020ರ ಇ-ಕಾಮರ್ಸ್ ನಿಯಮಗಳನ್ನು ಹಿಡಿಯಿರಿ ಎಂಬ ಸಲಹೆ. ಅದರ ಪ್ರಕಾರ ಹರಾಜು ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ವಿಡಿಯೊ ಜೊತೆಗೆ ಅದನ್ನೇ ಆ ಅಧಿಕಾರಿಗೆ ಬರೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ಫೋನ್ ಸಂಖ್ಯೆ 1915) ದಾಖಲಿಸಿದ ದೂರಿನ ಸಂಖ್ಯೆಯನ್ನೂ ಸೇರಿಸಿದೆ. ಅದುವರೆಗೆ ಸಿದ್ಧ ಉತ್ತರಗಳನ್ನೇ ಕಳುಹಿಸುತ್ತಿದ್ದ ಜಾಲತಾಣದವರು ಆಮೇಲೆ ಗಂಭೀರವಾದರು. ಗ್ರಾಹಕರ ಆಯೋಗಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ ಎಂಬುದು ಬೇಕಾದವರಿಗೆ ತಿಳಿದಿರಲಿ.

ನಾಣ್ಯವನ್ನು ಹಿಂದಿರುಗಿಸುವಾಗ ಪೊಟ್ಟಣ ಕಟ್ಟುವುದನ್ನೂ ಚಿತ್ರೀಕರಿಸಿ, ಕೊರಿಯರ್ ರಸೀದಿಯನ್ನು ಇಟ್ಟುಕೊಂಡಿದ್ದೇನೆ.