ಮಗುವನ್ನು ಊರಿನಲ್ಲಿ ಬಿಟ್ಟು ಬರುವ ಮುನ್ನ

ತಂಗಿ, ಇಲ್ಲಿ ಜರ್ಮನಿಯಲ್ಲಿ ಶಿಶುವಿಹಾರದ ಜಾಗ ಸಿಗಲಿಲ್ಲ, ಡಿಸೆಂಬರಿನಲ್ಲಿ ಧಾರವಾಡಕ್ಕೆ ಹೋದಾಗ ನಾಲ್ಕು ವರ್ಷದ ಮಗಳನ್ನು ಅತ್ತೆಯವರ ಬಳಿ ಬಿಟ್ಟು ಬರಲೇ ಎಂದು ಕೇಳಿದ್ದೀರಿ. ಅತ್ತೆಯವರೂ ಸೇರಿ ಹಲವರು ‘ಬಿಡಿ, ಕನ್ನಡವನ್ನಾದರೂ ಕಲಿಯುತ್ತಾಳೆ’ ಎಂದಿದ್ದಾರೆ. ನಾನು ಹಾಗೆ ಬಿಟ್ಟು ಬಂದವಳು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಸ್ಟುಟ್‌ಗಾರ್ಟ್ ಬಳಿಯ ಕಾಲ್ವ್ ಎಂಬ ಪುಟ್ಟ ಊರಿಗೆ ಒಮ್ಮೆ ಹೋಗಿ ಬನ್ನಿ. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಕೊನೆಯುಸಿರೆಳೆದದ್ದು ಅಲ್ಲಿ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಶನ್ನಿಗೆ ಸೇರಿದವರು ಅವರು. ನಮ್ಮ ‘ಮಂಗಳೂರ ಸಮಾಚಾರ’ದ ಮೋಗ್ಲಿಂಗರ ಗೆಳೆಯರು. (ಅಜ್ಜನ ಮನೆಯ ಹಂಚಿನ ಮೇಲೆ ಅಚ್ಚೊತ್ತಿದ್ದ ಬಾಸೆಲ್ ಮಿಶನ್ ಹೆಸರನ್ನು ಓದುತ್ತಲೇ ಬೆಳೆದವಳು ನಾನು. ಬಾಸೆಲ್ ಎನ್ನುವುದು ಒಂದು ಊರು ಎಂದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ!)

ಆ ಪಾದ್ರಿಗಳು ತವರಿಗೆ ಮರಳಿದರೆ ವಿಶ್ರಾಂತಿ ಎಲ್ಲಿಯದು? ಚರ್ಚಿನಿಂದ ಚರ್ಚಿಗೆ, ಸ್ನೇಹಿತರ ಮನೆಯಿಂದ ಮನೆಗೆ ಸುತ್ತಿ ಹಿಂದೂಸ್ತಾನದ ಕಥೆ ಹೇಳಬೇಕು. ಹಳ್ಳಿಯ ಭಕ್ತರು ವಾರಕ್ಕೊಂದು ಅರ್ಧ ಬಾಟ್ಸನ್ (ಹಳೆಯ ಸ್ವಿಸ್ ನಾಣ್ಯ) ಚಿಲ್ಲರೆ ಕೊಡುವ ವಂತಿಗೆಯೂ ಮುಂದೆ 1855ರಲ್ಲಿ ಶುರುವಾಯಿತು. ಮಿಶನ್ನಿನ ಗಾಡಿ ಸಾಗಬೇಕಾದರೆ ಆ ಕಾಸು ನಿಲ್ಲಬಾರದು. ನಾವೂ ಐದು ವಾರದ ರಜೆಯಲ್ಲಿ ಇಪ್ಪತ್ತು ಮನೆ ಸುತ್ತಿ ಅದೇ ಕಥೆ ಇಪ್ಪತ್ತು ಸಲ ಹೇಳುತ್ತೇವಲ್ಲ, ಒಂದು ಮನೆ ತಪ್ಪಿದರೂ ಮುನಿಸು.

ಗುಂಡರ್ಟ್ ದಂಪತಿ ಹಾಗೆ ಯುರೋಪಿಗೆ ಬಂದವರು, ಮರಳುವಾಗ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ್ದ ಮಗಳು ಮಾರಿಯನ್ನು ಯುರೋಪಿನಲ್ಲೇ ಬಿಟ್ಟರು. ಆಗ ಅವಳಿಗೂ ನಾಲ್ಕು ವರ್ಷ. ಮಿಶನ್ ಮಕ್ಕಳಿಗೆ ಅದು ಆ ಕಾಲದ ವಾಡಿಕೆ: ಜ್ವರದ ಭಯ, ಓದಿನ ಚಿಂತೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಒಂದು ಕಾಗದಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅವಳು ಹೆತ್ತವರನ್ನು ಸೇರಿದ್ದು ಹದಿಹರೆಯದಲ್ಲಿ. ತಾನು ಸಂತೋಷದ ಮಗುವಾಗಿರಲಿಲ್ಲ ಎಂದು ಮುಂದೆ ಆಕೆಯೇ ಬರೆದುಕೊಂಡಿದ್ದಾಳೆ. ಸಾಹಿತಿ ಹರ್ಮನ್ ಹೆಸ್ಸೆಯ ತಾಯಿ ಈಕೆ.

‘ಈಗ ವಿಡಿಯೋ ಕರೆ ಇದೆಯಲ್ಲ’ ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹನ್ನೊಂದು ತಿಂಗಳ ಮೇಲೆ ಊರಿಗೆ ಹೋದಾಗ ಮಗ ನನ್ನನ್ನು ‘ಜರ್ಮನಿ ಅಮ್ಮ’ ಎಂದ. ಅಜ್ಜಿ ಬರೀ ‘ಅಮ್ಮ’. ಕಲಸಿದ ಅನ್ನದ ತುತ್ತನ್ನು ಕೈಗಿಟ್ಟೆ. ಹಟವಿಲ್ಲ, ಅಳುವಿಲ್ಲ, ಮೆಲ್ಲಗೆ ಎದ್ದು ಹೋಗಿ ಅದನ್ನು ಅಜ್ಜಿಯ ತಟ್ಟೆಯಲ್ಲಿಟ್ಟು, ಅವರು ತಿನ್ನಿಸಲೆಂದು ಬಾಯಿ ತೆರೆದ. ಅತ್ತೆಯವರೂ ತಲೆ ಎತ್ತಲಿಲ್ಲ, ನಾನೂ ಮಾತಾಡಲಿಲ್ಲ.

ನಿಮ್ಮ ಅತ್ತೆಯವರ ಮೇಲೆ ಬೇಸರ ಬೇಡ, ಪ್ರೀತಿಯಿಂದಲೇ ಹೇಳಿರುತ್ತಾರೆ. ಅವರನ್ನೇ ಮೂರು ತಿಂಗಳ ವೀಸಾ ಮೇಲೆ ಕರೆಸಿಕೊಳ್ಳಿ. ಶಿಶುವಿಹಾರದಲ್ಲಿ ಜಾಗವಿಲ್ಲ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ಒಂದು ವರ್ಷ ತುಂಬಿದ ಮಕ್ಕಳಿಗೂ 2013ರಿಂದ ಅದು ಕಾನೂನಿನ ಹಕ್ಕು, ನಿಮ್ಮ ಮಗಳಿಗಂತೂ ಇದ್ದೇ ಇದೆ. ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರವನ್ನೇ ಕೇಳಿ. ಅರ್ಜಿ ಬರೆಯುವುದಿದ್ದರೆ ಭಾನುವಾರ ನಮ್ಮ ಮನೆಗೆ ಬನ್ನಿ, ಮಗಳನ್ನೂ ಕರೆತನ್ನಿ. ಬಿಸಿಬೇಳೆಬಾತ್ ಮಾಡಿರುತ್ತೇನೆ.